ಒರೆಸಬಾರದ ಕನ್ನಡಿ

ನವೆಂಬರ್ ೯, ಭಾನುವಾರ

ಅಪ್ಪನ ಟೆಲಿಸ್ಕೋಪಿನ ಕನ್ನಡಿ ಕೆಡಿಸಿದ್ದು ಅಣ್ಣನಲ್ಲ. ನಾನು.

ಎಂಟು ವರ್ಷದಿಂದ ಈ ಮಾತನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದರೆ ಹೇಳಿದಂತಾಗುವುದಿಲ್ಲ ಎಂದು ಗೊತ್ತು. ಈ ಪುಸ್ತಕ ಓದುವವಳು ನಾನೊಬ್ಬಳೇ. ಆದರೂ ಒಂದು ಕಡೆ ಇರಲಿ.

ಅಪ್ಪನ ಕೆಲಸ ಕನ್ನಡಕದ ಗಾಜು ಉಜ್ಜುವುದು. ನಾನು ಚಿಕ್ಕವಳಿದ್ದಾಗ ಶಾಲೆಯಿಂದ ನೇರ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿ ಕಲಿತದ್ದು ಒಂದೇ ಪಾಠ: ಗಾಜು ಕೈಗೆ ಬಂದರೆ ಮೊದಲು ಬಾಯಿಂದ ಆವಿ ಬಿಡು, ಆಮೇಲೆ ಒರೆಸು. ‘ನನ್ನ ಮಗಳು ಒರೆಸಿದ ಗಾಜು ಇದೆಯೋ ಇಲ್ವೋ ಗೊತ್ತೇ ಆಗಲ್ಲ’ ಎಂದು ಅಪ್ಪ ಗಿರಾಕಿಗಳ ಮುಂದೆ ಹೇಳುತ್ತಿದ್ದ.

ನನಗಾಗ ಹನ್ನೊಂದು, ಅಣ್ಣನಿಗೆ ಹತ್ತೊಂಬತ್ತು. ಅಪ್ಪನೂ ಅಣ್ಣನೂ ಸೇರಿ ಮಾಡಿದ ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟಿ ಮರುದಿನ ಸಂಜೆ ಮೊದಲ ಸಲ ಆಕಾಶದ ಫೋಟೊ ತೆಗೆಯುವವರಿದ್ದರು. ಕೊಳವೆಯ ಒಳಗೆ ಗುಡಿಸಬೇಕೆಂದು ಅಣ್ಣ ಕನ್ನಡಿ ಬಿಚ್ಚಿ ಮೇಜಿನ ಮೇಲಿಟ್ಟು, ಏನೋ ತರಲು ಹೊರಗೆ ಹೋದ. ಕನ್ನಡಿಯ ಮೇಲೆ ಧೂಳು ಕೂತಿತ್ತು. ಆವಿ ಬಿಟ್ಟೆ. ಗೂಟದಲ್ಲಿ ನೇತುಹಾಕಿದ್ದ ಅಪ್ಪನ ಕೆಲಸದ ಬಟ್ಟೆ ತೆಗೆದುಕೊಂಡು ಸುತ್ತ ಸುತ್ತ ಒರೆಸಿದೆ. ಆ ಬಟ್ಟೆಯ ತುಂಬ ಗಾಜು ಉಜ್ಜುವ ಪುಡಿ.

ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ. ಟೆಲಿಸ್ಕೋಪಿನ ಕನ್ನಡಿಗೆ ಗಾಜಿನ ಮುಂದೆಯೇ, ಬೆತ್ತಲಾಗಿ. ಅದು ನನಗೆ ಗೊತ್ತಿರಲಿಲ್ಲ.

ಮರುದಿನ ಸಂಜೆ ತಾರಸಿಯಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ಅಪ್ಪ ಕೊಳವೆಯೊಳಗೆ ಬಗ್ಗಿ ನೋಡಿದ. ಬಳೆ ಬಳೆಯಾಗಿ ಗೀರು. ಎಲ್ಲರ ಮುಂದೆ ಅಣ್ಣನ ಕೆನ್ನೆಗೆ ಹೊಡೆದು, ‘ನಿನ್ನ ಕೈಗೆ ಗಾಜು ಕೊಡಬಾರದು’ ಅಂದ. ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದವಳು ನಾನು.

ತಿಂಗಳೊಳಗೆ ಅಣ್ಣ ಬಂದರಿನ ಊರಿಗೆ ಹೋದ. ಅಲ್ಲಿ ಕ್ರೇನ್ ನಡೆಸುತ್ತಾನೆ. ಈ ವರ್ಷ ಆಗಸ್ಟಿನಲ್ಲಿ ಅಪ್ಪ ತೀರಿಕೊಂಡಾಗ ಬಂದು ಮೂರು ದಿನ ಇದ್ದ. ನೀರು ಕುಡಿಯಲು ಲೋಟ ಎಲ್ಲಿದೆ ಎಂದು ಅಮ್ಮನನ್ನು ಕೇಳಿದ.

ನವೆಂಬರ್ ೧೨, ಬುಧವಾರ

ಮೇಲಿನ ಕೋಣೆ ಖಾಲಿ ಮಾಡಬೇಕು ಎಂದಳು ಅಮ್ಮ. ಹೊಲಿಗೆಗೆ ಎರಡನೇ ಮೆಶಿನ್ ಬರುತ್ತಿದೆ.

‘ಆ ಆನೆಮರೀನ ಗುಜರಿಯವನಿಗೆ ಹೇಳಿದ್ದೀನಿ. ಭಾನುವಾರ ಬರ್ತಾನೆ.’

ಅಮ್ಮ ಟೆಲಿಸ್ಕೋಪನ್ನು ಮೊದಲಿಂದಲೂ ಆನೆಮರಿ ಎನ್ನುವುದು. ಎಂಟು ಮೂಲೆಯ ಪ್ಲೈವುಡ್ ಕೊಳವೆ, ನನ್ನ ಎದೆಯ ಎತ್ತರ, ನೀರಿನ ಪೈಪು ಜೋಡಿಸಿ ಮಾಡಿದ ಕಾಲು. ಇರುವುದೂ ಹಾಗೆಯೇ.

‘ಕೊಡಬೇಡ’ ಅಂದೆ.

‘ಇಟ್ಕೊಂಡು ಏನ್ ಮಾಡ್ತೀಯಾ?’

‘ರಿಪೇರಿ ಮಾಡ್ತೀನಿ. ಫೋಟೊ ತೆಗೀತೀನಿ.’

ಯಾಕೆ ಹಾಗಂದೆನೋ ಗೊತ್ತಿಲ್ಲ. ಅಮ್ಮ ಬಡಿಸುತ್ತ, ಉಪ್ಪು ಸರಿ ಇದೆಯಾ ಎಂದು ಕೇಳಿದಳು. ಗೊತ್ತಾಗುತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಆಗಸ್ಟಿನಿಂದ ಹಾಗೇ ಇದೆ.

ನವೆಂಬರ್ ೧೬, ಭಾನುವಾರ

ಗುಜರಿಯವನು ಬಂದು ಬರಿಗೈಯಲ್ಲಿ ಹೋದ. ಅಮ್ಮ ಅವನಿಗೆ ಹಳೆಯ ಫ್ಯಾನ್ ಕೊಟ್ಟು ಮರ್ಯಾದೆ ಉಳಿಸಿಕೊಂಡಳು.

ಮೇಲೆ ಹೋಗಿ ಹೊದಿಕೆ ತೆಗೆದೆ. ಕೊಳವೆಯ ಬಾಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿ, ಮರಿ ಮಾಡಿ, ಬಿಟ್ಟುಹೋಗಿದೆ. ಕಾಲಿನ ಹಲ್ಲುಚಕ್ರದಲ್ಲಿ ಹಾಕಿದ್ದ ಗ್ರೀಸು ಮೇಣದಂತೆ ಗಟ್ಟಿಯಾಗಿದೆ. ಚಕ್ರ ತಿರುಗಿಸುವ ಮೋಟಾರು ಮುಟ್ಟಿದರೆ ಬೆರಳಿಗೆ ಮೆತ್ತುವಷ್ಟು ಧೂಳು. ಆಕಾಶ ತಿರುಗುವಷ್ಟೇ ನಿಧಾನಕ್ಕೆ ಕೊಳವೆಯನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಫೋಟೊದಲ್ಲಿ ನಕ್ಷತ್ರ ಗೆರೆಯಾಗುತ್ತದೆ. ಅದಕ್ಕೆ ಆ ಮೋಟಾರು.

ತಳದಲ್ಲಿ ಕನ್ನಡಿ. ನೋಡಲಿಲ್ಲ.

ಗೂಡು ಕೆರೆದೆ. ಸೀಮೆಎಣ್ಣೆಯಲ್ಲಿ ಹಲ್ಲುಚಕ್ರ ನೆನೆಹಾಕಿದೆ. ಏನೂ ಅನ್ನಿಸಲಿಲ್ಲ.

ನವೆಂಬರ್ ೧೭, ಸೋಮವಾರ

ಅಂಗಡಿ. ಮನೆ. ಗ್ರೀಸು.

ನವೆಂಬರ್ ೨೧, ಶುಕ್ರವಾರ

ಅಪ್ಪ ಹೋದ ಮೇಲೆ ಅವನ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡಿದ್ದಾರೆ ಕನ್ನಡಕದಂಗಡಿಯ ಯಜಮಾನರು. ಮೊದಲು ಕೌಂಟರಿನಲ್ಲಿ ಇಟ್ಟಿದ್ದರು. ಒಬ್ಬರು ದುಬಾರಿ ಫ್ರೇಮ್ ಹಾಕಿಕೊಂಡು ‘ನನಗೆ ಒಪ್ಪುತ್ತಾ?’ ಎಂದು ಕೇಳಿದರು. ಇಲ್ಲ ಅಂದೆ. ಅವತ್ತಿನಿಂದ ಹಿಂದಿನ ಕೋಣೆ.

ಇವತ್ತು ಮಧ್ಯಾಹ್ನ ಎದುರಿನ ಸ್ಟುಡಿಯೊಗೆ ಹೋಗಿದ್ದೆ. ಸ್ಟುಡಿಯೊ ಮಾಮ ಒಬ್ಬ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು, ‘ಎರಡೂ ಕಿವಿ ಕಾಣ್ಬೇಕಪ್ಪಾ, ನಾಳೆ ಒಂದು ಕಳ್ಕೊಂಡ್ರೆ ಸಾಕ್ಷಿ ಬೇಕು’ ಎನ್ನುತ್ತಿದ್ದ. ಹುಡುಗ ಹೋದ ಮೇಲೆ ನನ್ನ ಕಡೆ ತಿರುಗಿದ.

‘ಏನೇ ಕಡ್ಡಿ, ಯಾರ ಮಾನ ತೆಗೆಯೋಕೆ ಬಂದೆ?’

ಬೀದಿಯವರೆಲ್ಲ ನನ್ನನ್ನು ಕಡ್ಡಿ ಅನ್ನುತ್ತಾರೆ. ಕಡ್ಡಿ ಮುರಿದ ಹಾಗೆ ಮಾತಾಡುತ್ತೇನಂತೆ. ಮೈಯೂ ಹಾಗೇ ಇದೆ.

‘ಹಳೇ ಕ್ಯಾಮೆರಾ ಇದ್ರೆ ಬೇಕು ಮಾಮ. ಟೆಲಿಸ್ಕೋಪಿಗೆ.’

ಅವನು ಕೈಲಿದ್ದ ಕ್ಯಾಮೆರಾ ಕೆಳಗಿಟ್ಟ. ‘ನಿಮ್ಮಪ್ಪ, ಅಣ್ಣ ಒಂದ್ಸಲ ತಗೊಂಡು ಹೋಗಿದ್ರು. ಒಂದೇ ಒಂದು ಫೋಟೊನೂ ತೆಗೀದೆ ವಾಪಸ್ ತಂದ್ಕೊಟ್ರು. ಬಾಡಿಗೆ ಕೊಡ್ತೀನಿ ಅಂತ ನಿಮ್ಮಪ್ಪ, ಬೇಡ ಅಂತ ನಾನು. ಎಂಥ ಮುಖ ಮಾಡ್ಕೊಂಡಿದ್ದ ಅಂದ್ರೆ, ಅವತ್ತು ಪಾಸ್‌ಪೋರ್ಟ್ ಫೋಟೊ ತೆಗೆದಿದ್ರೆ ಯಾವ ದೇಶದವರೂ ಒಳಗೆ ಬಿಡ್ತಿರ್ಲಿಲ್ಲ.’

ಫ್ಲ್ಯಾಶ್ ಸುಟ್ಟುಹೋದ ಒಂದು ಕ್ಯಾಮೆರಾ ಕೊಟ್ಟ. ನಕ್ಷತ್ರಕ್ಕೆ ಫ್ಲ್ಯಾಶ್ ಯಾಕೆ ಅಂದ.

ನವೆಂಬರ್ ೨೫, ಮಂಗಳವಾರ

ಕನ್ನಡಿ ಕೂತಿರುವ ತಟ್ಟೆಗೆ ಹಿಂದೆ ಆರು ಸ್ಕ್ರೂ ಇವೆ. ಯಾವುದು ಹಿಡಿದುಕೊಳ್ಳುವುದು, ಯಾವುದು ಓರೆ ಮಾಡುವುದು ಗೊತ್ತಾಗಲಿಲ್ಲ. ಗೊತ್ತಿರುವವನು ಒಬ್ಬನೇ ಉಳಿದಿದ್ದಾನೆ.

ಅಣ್ಣನಿಗೆ ನಾನಾಗಿ ಫೋನ್ ಮಾಡಿದ್ದು ಇದೇ ಮೊದಲು.

‘ಅಮ್ಮಂಗೆ ಏನಾಯ್ತು?’ ಎಂದ, ಹಲೋ ಕೂಡ ಹೇಳದೆ.

‘ಏನೂ ಆಗಿಲ್ಲ. ಟೆಲಿಸ್ಕೋಪಿನ ಹಿಂದೆ ಆರು ಸ್ಕ್ರೂ ಇದಾವಲ್ಲ...’

ಅವನ ಹಿಂದೆ ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು.

‘ಉದ್ದದವು ಮೂರು ಮೊದಲು ಬಿಚ್ಚು’ ಅಂದ. ‘ಒಂದಕ್ಕೆ ಹಸಿರು ಬಣ್ಣ ಹಚ್ಚಿರುತ್ತೆ. ಅದನ್ನ ಕೊನೇಗೆ. ಕೆಳಗೆ ದಿಂಬು ಇಟ್ಕೋ.’

‘ಇನ್ನೂ ನೆನಪಿದೆಯಾ?’

‘ಶಿಫ್ಟಿದೆ, ಇಡ್ತೀನಿ.’

ಹಸಿರು ಬಣ್ಣ ಇತ್ತು.

ನವೆಂಬರ್ ೩೦, ಭಾನುವಾರ

ಕನ್ನಡಿ ಹೊರಗೆ ಬಂತು. ಎಂಟು ಇಂಚು, ಒಂದು ದೊಡ್ಡ ಕಲ್ಲಂಗಡಿಯ ತೂಕ. ಲೇಪ ಅಂಚಿನಲ್ಲಿ ಹಳದಿಗಟ್ಟಿದೆ. ಗೀರುಗಳು ಹಾಗೇ ಇವೆ. ನನ್ನ ಕೈ ಎಷ್ಟು ಚಿಕ್ಕದಿತ್ತು ಎಂದು ಬಳೆಗಳ ಅಳತೆಯಲ್ಲೇ ಗೊತ್ತಾಗುತ್ತದೆ. ಅಪ್ಪ ಗಾಜಿನ ಕೆಲಸದವನು. ಅಳತೆ ನೋಡದೆ ಹೊಡೆದ.

ತಿರುಗಿಸಿ ನೋಡಿದೆ. ಕನ್ನಡಿಯ ಹಿಂಭಾಗವನ್ನು ನಾನು ಇದುವರೆಗೂ ನೋಡಿರಲಿಲ್ಲ. ವಜ್ರದ ಮೊನೆಯಲ್ಲಿ ಅಪ್ಪ ಕೊರೆದಿದ್ದಾನೆ, ಅಂಗಡಿಯ ಬಿಲ್ ಬರೆಯುವ ಅದೇ ಗುಂಡು ಅಕ್ಷರ:

ನಾನು, ದೊಡ್ಡು. ಹನ್ನೊಂದು ತಿಂಗಳು.

ದೊಡ್ಡು ಅಂದರೆ ಅಣ್ಣ. ಕಬ್ಬಿಣದ ಪೀಪಾಯಿಯ ಮೇಲೆ ಗಾಜಿಟ್ಟು, ಇಬ್ಬರೂ ಸರದಿಯಲ್ಲಿ ಅದರ ಸುತ್ತ ನಡೆಯುತ್ತ ಉಜ್ಜುತ್ತಿದ್ದುದು ಮಸುಕಾಗಿ ನೆನಪಿದೆ. ಹತ್ತು ಸಲ ಉಜ್ಜಿ ಒಂದು ಹೆಜ್ಜೆ. ನಾನು ಮೆಟ್ಟಿಲ ಮೇಲೆ ಕೂತು ಹೆಜ್ಜೆ ಎಣಿಸಿ, ತಪ್ಪು ಎಣಿಸಿ ಬೈಸಿಕೊಳ್ಳುತ್ತಿದ್ದೆ.

ಈ ಗಾಜಿನಲ್ಲಿ ಅರ್ಧ ಅವನ ಕೈ. ಅದೇ ಕೈಗೆ ಗಾಜು ಕೊಡಬಾರದು ಅಂದದ್ದು.

ಸಂಜೆ ಅಂಗಡಿಯ ಬಾಕಿ ಕೆಲಸ ಮಾಡಿದೆ. ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಡಿಸೆಂಬರ್ ೪, ಗುರುವಾರ

ರಜೆ ಹಾಕಿ ಲೇಪದ ಕಾರ್ಖಾನೆಗೆ ಹೋದೆ. ಲಾರಿಗಳ ಹೆಡ್‌ಲೈಟಿನೊಳಗಿನ ಬಟ್ಟಲುಗಳಿಗೆ ಹೊಳಪು ಲೇಪ ಹಾಕುವ ಜಾಗ. ಒಂದು ದೊಡ್ಡ ಉಕ್ಕಿನ ಗಂಟೆಯಂಥದ್ದರೊಳಗಿನ ಗಾಳಿಯನ್ನೆಲ್ಲ ಹೊರಗೆಳೆದು, ಅಲ್ಯುಮಿನಿಯಂ ಚೂರನ್ನು ಕಾಯಿಸಿ ಆವಿ ಮಾಡುತ್ತಾರೆ. ಆ ಆವಿ ಹೋಗಿ ಗಾಜಿಗೆ ಅಂಟುತ್ತದೆ. ನಡೆಸುವವಳು ಒಬ್ಬ ಹೆಂಗಸು, ಎಲ್ಲರೂ ಅಕ್ಕ ಅನ್ನುತ್ತಾರೆ. ಹುಬ್ಬಿನ ಮೇಲೂ ಬೆಳ್ಳಿ ಪುಡಿ.

‘ಇದು ಯಾವ ಗಾಡೀದು?’ ಅಂದಳು.

‘ಗಾಡೀದಲ್ಲಕ್ಕ, ಟೆಲಿಸ್ಕೋಪಿಂದು. ಇದಕ್ಕೂ ಹಾಕ್ತೀರಾ?’

‘ಲಾರಿಗಾದ್ರೇನು, ನಕ್ಷತ್ರಕ್ಕಾದ್ರೇನು? ಒಂದು ಬೆಳಕು ಹೊರಗೆ ಹೋಗುತ್ತೆ, ಇನ್ನೊಂದು ಒಳಗೆ ಬರುತ್ತೆ. ಕೊಡಿಲ್ಲಿ.’

ಹಳೆಯ ಲೇಪವನ್ನು ಕರಗಿಸುವ ನೀರಿನಲ್ಲಿ ಇಟ್ಟಳು. ಹತ್ತು ನಿಮಿಷಕ್ಕೆ ಲೇಪ ಹೊಗೆಯಂತೆ ಎದ್ದು ಹೋಯಿತು. ಬರೀ ಗಾಜು ಉಳಿಯಿತು. ದೀಪಕ್ಕೆ ಹಿಡಿದು ಓರೆ ಮಾಡಿ ನೋಡಿದಳು.

‘ಗೀರು ಪೂರ್ತಿ ಲೇಪದ್ದೇ. ಗಾಜಿಗೆ ತಾಗಿರೋದು ನಾಲ್ಕೈದು, ಕೂದಲೆಳೆಯಷ್ಟು. ಏನೂ ಆಗಲ್ಲ.’

‘ಅಂದ್ರೆ... ಆಗಲೇ ತಂದಿದ್ರೆ?’

‘ಆಗಲೇ ಸರಿಹೋಗ್ತಿತ್ತು. ಮೂರು ಗಂಟೆ ಕೆಲಸ. ಈ ಲೇಪ ಹೇಗೂ ಹತ್ತು ವರ್ಷಕ್ಕೊಮ್ಮೆ ಬದಲಾಯಿಸ್ಲೇಬೇಕು. ಯಾರು ಉಜ್ಜಿದ್ದು?’

‘ಅಪ್ಪ, ಅಣ್ಣ.’

‘ಗಾಜಲ್ಲ. ಗೀರು.’

‘ನಾನು’ ಅಂದೆ.

ಜೋರಾಗಿ ಹೇಳಿದ್ದು ಅದೇ ಮೊದಲು. ಏನೂ ಆಗಲಿಲ್ಲ. ‘ಸರಿ, ಆ ಕೈಗವಸು ಹಾಕ್ಕೊಂಡು ಈ ಕಡೆ ಹಿಡ್ಕೋ’ ಅಂದಳು.

ಮೂರು ಗಂಟೆ. ಅಪ್ಪನಿಗೆ ಇದು ಗೊತ್ತಿರದೆ ಇರಲು ಸಾಧ್ಯವಿಲ್ಲ. ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸಬೇಕೆಂದು ಕೂತೆ. ಯೋಚನೆ ಬರಲಿಲ್ಲ. ಮುಂದಿನ ಸೀಟಿನ ಹಿಂದೆ ಯಾರೋ ಬರೆದಿದ್ದ ಫೋನ್ ನಂಬರನ್ನು ಮೂರು ಸಲ ಓದಿದೆ.

ಡಿಸೆಂಬರ್ ೬, ಶನಿವಾರ

ಒಂದು ವಿಷಯ ಬರೆದಿಡಬೇಕು.

ಎರಡು ವರ್ಷದ ಹಿಂದೆ ಪರೀಕ್ಷೆಯ ಪ್ರಶ್ನೆಗಳು ಮೊದಲೇ ನಮ್ಮ ತರಗತಿಗೆ ಸಿಕ್ಕಿದ್ದವು, ನನಗೂ. ಉತ್ತರ ಪತ್ರಿಕೆಯ ಮೊದಲ ಪುಟದಲ್ಲೇ ಅದನ್ನು ಬರೆದೆ. ಇಡೀ ತರಗತಿಯ ಫಲಿತಾಂಶ ತಡೆಹಿಡಿದರು. ಆಮೇಲೆ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಒಂದು ವಾರ ನೋಡಿದೆ. ಚೀಲ ಎತ್ತಿಕೊಂಡು ಮನೆಗೆ ಬಂದವಳು ಮತ್ತೆ ಹೋಗಲಿಲ್ಲ.

ಅಪ್ಪ ಬೈಯಲಿಲ್ಲ. ‘ಈ ಮನೇಲಿ ನೆಟ್ಟಗಿರೋಳು ನೀನೊಬ್ಬಳೇ’ ಅಂದ. ಅದನ್ನು ಹೊಗಳಿಕೆ ಅಂದುಕೊಂಡು ಅಂದದ್ದು. ಅವತ್ತು ಹೇಳಬಹುದಿತ್ತು. ಅಪ್ಪ ಎದುರಿಗೇ ಕೂತಿದ್ದ, ಕಾಲುಚೀಲ ಬಿಚ್ಚುತ್ತಿದ್ದ. ಎರಡನೇ ಕಾಲುಚೀಲ ಬಿಚ್ಚುವವರೆಗೂ ಸಮಯವಿತ್ತು.

ಡಿಸೆಂಬರ್ ೧೧, ಗುರುವಾರ

ಹೆಡ್‌ಲೈಟುಗಳ ಸರದಿ ಮುಗಿದು ಲೇಪ ಬಿದ್ದ ಮೇಲೆ, ಇವತ್ತು ಕನ್ನಡಿ ತಂದೆ. ನೋಡಿದರೆ ಕನ್ನಡಿ ಇದೆ ಅನ್ನಿಸುವುದಿಲ್ಲ, ಕೋಣೆ ಇನ್ನೊಂದು ಇದೆ ಅನ್ನಿಸುತ್ತದೆ.

ಅಣ್ಣ ಅವನಾಗಿ ಫೋನ್ ಮಾಡಿದ್ದ. ‘ಏನಾಯ್ತು, ಬಿಚ್ಚೋಕೆ ಬಂತಾ ಅಂತ ಕೇಳೋಣ ಅಂತ.’ ಲೇಪ ಹಾಕಿಸಿದ್ದು ಹೇಳಿದೆ. ಲಾರಿಯ ಹೆಡ್‌ಲೈಟಿನವರು ಅಂದಾಗ ನಕ್ಕ. ಅವನ ನಗು ಮರೆತುಹೋಗಿತ್ತು. ಮೂಗಿನಿಂದ ಬರುತ್ತದೆ, ಅಪ್ಪನದರ ಹಾಗೆ.

‘ಹೊಸ ಲೇಪ ಮುಟ್ಟಬೇಡ. ಧೂಳು ಕೂತ್ರೆ ಕೂರ್ಲಿ. ಒರೆಸ್ಬೇಡ.’

‘ಗೊತ್ತು.’

ನಲವತ್ತು ನಿಮಿಷ ಮಾತಾಡಿದೆವು. ಮೋಟಾರಿಗೆ ಎಷ್ಟು ವೋಲ್ಟು, ಸಮತೂಕಕ್ಕೆ ಅಪ್ಪ ಕಟ್ಟುತ್ತಿದ್ದ ಕಬ್ಬಿಣದ ಗುಂಡು ಎಲ್ಲಿ. ಅದು ಅಮ್ಮನ ಬಾಗಿಲಿಗೆ ಒತ್ತು ಕೊಟ್ಟಿರುವ ಗುಂಡೇ ಅಂತೆ.

ಡಿಸೆಂಬರ್ ೧೪, ಭಾನುವಾರ

ಎಲ್ಲ ಜೋಡಿಸಿದೆ. ಕ್ಯಾಮೆರಾ ಹಾಕಿ ದೂರದ ನೀರಿನ ಟ್ಯಾಂಕಿಗೆ ತಿರುಗಿಸಿದೆ. ಮಂಜು. ಕ್ಯಾಮೆರಾವನ್ನು ಎಷ್ಟು ಒಳಗೆ ತಳ್ಳಿದರೂ ಚಿತ್ರ ಮಂಜು. ಕಣ್ಣಿಟ್ಟು ನೋಡಿದರೆ ಟ್ಯಾಂಕಿನ ಏಣಿಯ ಮೆಟ್ಟಿಲೂ ಕಾಣುತ್ತದೆ, ಕ್ಯಾಮೆರಾಕ್ಕೆ ಮಾತ್ರ ಏನೂ ಸಿಗುವುದಿಲ್ಲ.

‘ಕಣ್ಣನ್ನ ನೋಡೋ ತೂತಿಗೇ ಇಡ್ತೀವಿ. ಕ್ಯಾಮೆರಾದೊಳಗಿನ ಚಿತ್ರ ಕೂರೋ ಜಾಗ ಇನ್ನೂ ಹಿಂದಿರುತ್ತೆ’ ಅಂದ ಅಣ್ಣ ಫೋನಿನಲ್ಲಿ. ‘ಕನ್ನಡೀನೇ ನಾಲ್ಕು ಸೆಂಟಿಮೀಟರ್ ಮುಂದೆ ತರ್ಬೇಕು.’

‘ಕೊಳವೆ ಕೊಯ್ಯಬೇಕಾ?’

‘ಕೊಯ್ಯಬೇಡ!’ ಎಂದ, ಕೂಗಿದ ಹಾಗೆ. ಆಮೇಲೆ ಮೆಲ್ಲಗೆ, ‘ಅಪ್ಪನ ಪ್ಲೈವುಡ್ಡು. ಉದ್ದದ ಬೋಲ್ಟ್ ಹಾಕಿ ತಟ್ಟೆ ಎತ್ತರಿಸು. ನಾವು ಆವತ್ತು ಅದನ್ನೇ ಮಾಡೋಣ ಅಂತಿದ್ವಿ. ಬೋಲ್ಟ್ ತರೋಕೆ ಅಂತಾನೇ ನಾನು ಹೊರಗೆ ಹೋಗಿದ್ದು.’

ಹಾಗಾದರೆ ಅವನು ಅವತ್ತು ಹೊರಗೆ ಹೋಗಿದ್ದು ಬೋಲ್ಟ್ ತರುವುದಕ್ಕೆ.

ಸ್ಕ್ರೂ ಡಬ್ಬಿಯ ತಳದಲ್ಲಿ ಅವು ಇವೆ. ಮೂರು. ಅಂಗಡಿಯ ಕಾಗದವನ್ನೇ ಬಿಚ್ಚಿಲ್ಲ.

ಡಿಸೆಂಬರ್ ೧೮, ಗುರುವಾರ

ಆ ಮೂರು ಬೋಲ್ಟ್ ಹಾಕಿ ತಟ್ಟೆ ಎತ್ತರಿಸಿ, ಟೆಲಿಸ್ಕೋಪನ್ನು ತಾರಸಿಗೆ ಹೊತ್ತೆ. ಕೊಳವೆ ತಿರುಗುವ ಅಚ್ಚನ್ನು ಆಕಾಶ ಯಾವ ಬಿಂದುವಿನ ಸುತ್ತ ತಿರುಗುತ್ತದೋ ಅದಕ್ಕೆ ಗುರಿಯಿಡಬೇಕು, ಅದಕ್ಕೇ ಅರ್ಧ ರಾತ್ರಿ ಹಿಡಿಯುತ್ತದೆ ಎಂದು ಓದಿದ್ದೆ. ಅಣ್ಣ, ನೆಲ ಕೆರೆದು ನೋಡು ಅಂದ. ಪಾಚಿ ಕೆರೆದೆ. ಕೆಂಪು ಬಣ್ಣದ ಮೂರು ಸೊನ್ನೆಗಳು. ಮೂರು ಕಾಲು ಅಲ್ಲಿಟ್ಟರೆ ಸಾಕು, ಉಳಿದದ್ದನ್ನು ಅವರು ಎಂದೋ ಮಾಡಿಟ್ಟಿದ್ದಾರೆ.

ಒಂಬತ್ತು ಗಂಟೆಗೆ ಮಹಾವ್ಯಾಧ, ನಕ್ಷತ್ರಗಳ ಬೇಟೆಗಾರ, ಮೇಲೆ ಬಂದ. ಅವನ ಸೊಂಟದ ಕೆಳಗಿನ ಕತ್ತಿಯಲ್ಲಿ ಒಂದು ಮಸುಕು ಚುಕ್ಕೆ ಇದೆ, ನೀಹಾರಿಕೆ. ಅವರು ಅಂದು ತೆಗೆಯಬೇಕೆಂದಿದ್ದದ್ದು ಅದನ್ನೇ. ಹತ್ತು ಸೆಕೆಂಡಿನ ಒಂದು ಚಿತ್ರ ತೆಗೆದೆ. ಪರದೆಯಲ್ಲಿ ಸಣ್ಣ ಕೆಂಪು ಹೊಗೆ. ಅಣ್ಣನಿಗೆ ಕಳಿಸಿದೆ. ತಕ್ಷಣ ಫೋನ್ ಬಂತು.

‘ಗೀರು?’ ಅಂದ.

‘ಇಲ್ಲ.’

‘ಗೊತ್ತಾ ಕಡ್ಡಿ, ನಾನಲ್ಲ ಅಂತ ಆಗ ತುಂಬ ಹಾರಾಡಿದ್ದೆ. ಆಮೇಲೆ ಇಲ್ಲಿ ಬಂದು ಒಬ್ಬನೇ ಕೂತ್ಕೊಂಡು ಯೋಚನೆ ಮಾಡಿದೆ. ಕನ್ನಡಿ ಎತ್ತಿ ಇಡುವಾಗ ನನ್ನ ಕೈಲಿ ಬಟ್ಟೆ ಇತ್ತು. ವಾಪಸ್ ಬಂದು, ಬೋಲ್ಟ್ ನಾಳೆ ಹಾಕೋಣ ಅಂತ ಕತ್ತಲಲ್ಲೇ ಕೂರಿಸ್ದೆ, ನೋಡ್ಲೇ ಇಲ್ಲ. ನಾನೇ ಇರಬೇಕು. ಇನ್ಯಾರು? ಅಪ್ಪ ಸುಮ್ಮಸುಮ್ಮನೆ ಹೊಡೆಯೋ ಮನುಷ್ಯ ಅಲ್ಲ. ಫೋನ್ ಮಾಡಿ, ಹೌದಪ್ಪ ನಾನೇ ಅನ್ನಬೇಕು ಅಂತ ಎಷ್ಟೋ ಸಲ ಅಂದ್ಕೊಂಡೆ. ನಾಲಿಗೆ ಏಳ್ಲಿಲ್ಲ. ಈಗಲೂ ಇಲ್ಲಿ ಯಾರಾದ್ರೂ ಒಂದು ಗಾಜಿನ ಲೋಟ ಕೊಟ್ರೆ ಎರಡು ಕೈಲಿ ಹಿಡ್ಕೋತೀನಿ.’

ನಾನು ‘ಹ್ಞೂಂ’ ಅಂದೆ.

ಡಿಸೆಂಬರ್ ೧೯, ಶುಕ್ರವಾರ

ಹ್ಞೂಂ ಅಂದೆ.

ಡಿಸೆಂಬರ್ ೨೧, ಭಾನುವಾರ

ಎರಡು ದಿನ ಅವನ ಫೋನ್ ಎತ್ತಲಿಲ್ಲ. ಎಂಟು ವರ್ಷದ ಮೇಲೆ ಮಾತು ಬಂದಿದೆ. ಹೇಳಿದರೆ ಮತ್ತೆ ಹೋಗುತ್ತದೆ. ಹೇಳದಿದ್ದರೆ ಇರುತ್ತದೆ, ಆದರೆ ಅವನು ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಲೇ ಇರುತ್ತಾನೆ.

ಬೆಳಿಗ್ಗೆ ಹತ್ತಕ್ಕೆ ಮಾಡಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

‘ಅಣ್ಣ, ಕನ್ನಡಿ ಒರೆಸಿದ್ದು ನಾನು.’

‘ಅಯ್ಯೋ! ಮುಟ್ಟಬೇಡ ಅಂದಿದ್ನಲ್ಲೇ! ಹೊಸ ಲೇಪ...’

‘ಈಗಲ್ಲ. ಆಗ.’

ದೂರದಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುವ ಕೀಂ ಕೀಂ.

‘ಅಪ್ಪನ ಕೆಲಸದ ಬಟ್ಟೇಲಿ. ನೀನು ಬೋಲ್ಟ್ ತರೋಕೆ ಹೋಗಿದ್ದಾಗ. ಆವಿ ಬಿಟ್ಟು ಒರೆಸ್ದೆ.’

‘ಆಗ ನಿನಗೆಷ್ಟು?’

‘ಹನ್ನೊಂದು.’

‘ಈಗ?’

‘ಹತ್ತೊಂಬತ್ತು.’

‘ನಡುವೆ ಎಂಟು ವರ್ಷ ಇತ್ತಲ್ಲ, ಕಡ್ಡಿ’ ಅಂದ. ಫೋನ್ ಇಟ್ಟ.

ಜೋರು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಡಿಸೆಂಬರ್ ೨೨, ಸೋಮವಾರ

ಅಮ್ಮನಿಗೂ ಹೇಳಿದೆ. ಮೆಶಿನ್ ತುಳಿಯುತ್ತಿದ್ದಳು. ನಿಲ್ಲಿಸಲಿಲ್ಲ. ಆ ಹೊಲಿಗೆ ಕೊನೆಮುಟ್ಟಿಸಿ, ಹಲ್ಲಿನಿಂದ ದಾರ ಕಡಿದು, ಆಮೇಲೆ ಕೇಳಿದಳು.

‘ನಿಮ್ಮಪ್ಪಂಗೆ ಹೇಳಿದ್ಯಾ?’

‘ಇಲ್ಲ.’

‘ದೊಡ್ಡುಗೆ?’

‘ನಿನ್ನೆ. ಫೋನ್ ಇಟ್ಬಿಟ್ಟ.’

‘ಇಡದೆ ಇನ್ನೇನು, ಹಾಡ್ತಾನಾ?’ ಸೂಜಿಗೆ ಮತ್ತೆ ದಾರ ಪೋಣಿಸಿದಳು. ಮೂರನೇ ಸಲಕ್ಕೆ ಹೋಯಿತು. ‘ನಿಮ್ಮಪ್ಪಂಗೆ ಒಂದು ವಾರದಲ್ಲೇ ಅನುಮಾನ ಬಂದಿತ್ತು ಅಂತ ಕಾಣುತ್ತೆ, ಇದು ಹುಡುಗ ಮಾಡಿದ್ದಲ್ಲ ಅಂತ. ಊಟಕ್ಕೆ ಕೂತಾಗ ನಿನ್ನ ಕೈಯನ್ನೇ ನೋಡೋನು. ಬಾಯಿಬಿಟ್ಟು ಕೇಳ್ಲಿಲ್ಲ. ಕೇಳಿದ್ರೆ ಆಮೇಲೆ ದೊಡ್ಡು ಹತ್ರ ಹೋಗಿ ತಪ್ಪಾಯ್ತು ಅನ್ನಬೇಕಲ್ಲ. ಅದು ಆ ಮನುಷ್ಯನ ಕೈಲಿ ಆಗ್ತಿರ್ಲಿಲ್ಲ. ಎಲ್ಲಾನೂ ನಿನ್ನ ತಲೆ ಮೇಲೆ ಹಾಕ್ಕೋಬೇಡ.’

ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ ಮತ್ತೆ ಅಂದಳು: 

‘ಹಾಗಂತ ನಿನ್ನ ಪಾಲೇನು ಸಣ್ಣದಲ್ಲ.’

ಮೆಶಿನ್ ಶುರುವಾಯಿತು.

ಅಮ್ಮ ಹೇಳಿದ್ದು ನಿಜವೋ, ನನ್ನ ಸಮಾಧಾನಕ್ಕೋ ಗೊತ್ತಿಲ್ಲ. ಅಪ್ಪ ನನ್ನ ಕೈ ನೋಡುತ್ತಿದ್ದದ್ದು ನನಗೆ ನೆನಪಿಲ್ಲ.

ಡಿಸೆಂಬರ್ ೨೭, ಶನಿವಾರ

ಅಣ್ಣನಿಂದ ಏನಿಲ್ಲ.

ಜನವರಿ ೩, ಶನಿವಾರ

ತುಂಬಿದ ಚಂದ್ರ. ಇಂಥ ರಾತ್ರಿ ನೀಹಾರಿಕೆ ತೆಗೆಯಲು ಬರುವುದಿಲ್ಲ. ಕ್ಯಾಮೆರಾಕ್ಕೆ ಮುಚ್ಚಳ ಹಾಕಿ ನಲವತ್ತು ಚಿತ್ರ ತೆಗೆದೆ. ಇದೂ ಕೆಲಸದಲ್ಲಿ ಸೇರಿದ್ದೇ. ಬೆಳಕೇ ಇಲ್ಲದಾಗಲೂ ಕ್ಯಾಮೆರಾ ತನ್ನಷ್ಟಕ್ಕೆ ಏನೇನೋ ಚುಕ್ಕೆ ಹಾಕಿಕೊಳ್ಳುತ್ತದೆ. ಅದೆಷ್ಟು ಎಂದು ತಿಳಿದುಕೊಂಡು, ಆಮೇಲೆ ನಿಜವಾದ ಚಿತ್ರದಿಂದ ಕಳೆಯಬೇಕು.

ಅಮ್ಮ ಮೇಲೆ ಬಂದು, ‘ಮುಚ್ಚಳ ತೆಗೆಯೋಕೆ ಮರೆತಿದ್ದೀಯಲ್ಲೇ’ ಅಂದಳು. ವಿವರಿಸಿದೆ. ‘ಅಂದ್ರೆ ಏನೂ ಇಲ್ಲದ್ದರ ಫೋಟೊ. ಅದೂ ನಲವತ್ತು’ ಅಂದಳು. ಮೆಟ್ಟಿಲಿಳಿಯುವಾಗ ಒಬ್ಬಳೇ ನಗುತ್ತಿದ್ದಳು. ನನಗೂ ನಗು ಬಂತು. ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ಜನವರಿ ೧೪, ಬುಧವಾರ

ಚಂದ್ರನಿಲ್ಲ. ಎಂಟೂವರೆಗೆ ಶುರು ಮಾಡಿದೆ. ಮೂವತ್ತು ಸೆಕೆಂಡಿನವು ನೂರಾ ಇಪ್ಪತ್ತು ಚಿತ್ರ. ಚಳಿಗೆ ಬೆರಳು ಬಿಳಿಚಿಕೊಂಡವು. ಕೆಳಮನೆಯಲ್ಲಿ ಯಾರೋ ಕೆಮ್ಮುತ್ತಿದ್ದರು, ಯಾರದೋ ಕುಕ್ಕರ್ ಕೂಗಿತು, ನೀರಿನ ಪಂಪಿನ ಬೆಲ್ಟು ಸಡಿಲವಾಗಿದೆ. ಈ ಪಂಪಿಗೆ ಇಷ್ಟು ಸದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಒಮ್ಮೆ ಬೆಳಕಿಗೆಂದು ಟಾರ್ಚ್ ಎತ್ತಿಕೊಂಡೆ. ಹಚ್ಚದೆ ವಾಪಸ್ ಇಟ್ಟೆ.

ಜನವರಿ ೧೬, ಶುಕ್ರವಾರ

ಸ್ಟುಡಿಯೊದ ಕಂಪ್ಯೂಟರಿನಲ್ಲಿ ಎಲ್ಲ ಚಿತ್ರ ಒಂದರ ಮೇಲೊಂದು ಸೇರಿಸಿದೆವು. ಮುಚ್ಚಳದ ನಲವತ್ತನ್ನು ಕಳೆದೆವು. ಕಂಪ್ಯೂಟರು ಎರಡು ಗಂಟೆ ತಿಣುಕಿತು.

ಮೊದಲು ಬೂದು. ಸ್ಟುಡಿಯೊ ಮಾಮ ಬೆಳಕು ಸ್ವಲ್ಪ ಎಳೆದ. ಎರಡು ರೆಕ್ಕೆ ಬಿಚ್ಚಿದ ಹಾಗೆ ಕೆಂಪು ಹೊಗೆ ಅರಳಿತು. ನಡುವೆ, ಒತ್ತೊತ್ತಾಗಿ, ನಾಲ್ಕು ನಕ್ಷತ್ರ. ಬೇರೆ ಬೇರೆ, ದುಂಡಗೆ. ಗೀರಿನ ಗುರುತು ಎಲ್ಲಾದರೂ ಇದೆಯೇ ಎಂದು ಒಂದೊಂದು ಮೂಲೆ ಹಿಗ್ಗಿಸಿ ನೋಡಿದೆ. ಕಾಣಲಿಲ್ಲ.

‘ನೂರಾ ಇಪ್ಪತ್ತು ಫೋಟೊ, ಒಂದ್ಸಲನೂ ರೆಪ್ಪೆ ಮುಚ್ಚಿಲ್ಲ’ ಅಂದ ಮಾಮ. ‘ನನ್ನ ಗಿರಾಕಿಗಳೂ ಹೀಗಿದ್ದಿದ್ರೆ!’ ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೂತ. ದೊಡ್ಡದಾಗಿ ಒಂದು ಪ್ರಿಂಟ್ ಹಾಕಿಕೊಟ್ಟ.

ಅಣ್ಣನಿಗೆ ಚಿತ್ರ ಕಳಿಸಿದೆ, ಮಾತಿಲ್ಲದೆ. ಸಂಜೆ ಒಂದು ಸಾಲು ಬಂತು. ಇಪ್ಪತ್ತಾರು ದಿನದ ಮೇಲೆ.

‘ಕನ್ನಡಿ ಹಿಂದೆ ಬರೆದಿದ್ದು ಇನ್ನೂ ಇದೆಯಾ?’

ಅದರದ್ದೂ ಒಂದು ಫೋಟೊ ತೆಗೆದು ಕಳಿಸಬಹುದಿತ್ತು. ಕೋಣೆಯಲ್ಲಿ ಒಂದು ಸುತ್ತು ಹಾಕಿ ಬಂದು ಬರೆದೆ: ‘ಇದೆ. ತಂದು ತೋರಿಸ್ತೀನಿ.’

ಅವನು ಓದಿದ್ದಾನೆ. ಉತ್ತರ ಬರಲಿಲ್ಲ. ಬರಬೇಡ ಎಂದೂ ಬರೆದಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ಉಪ್ಪು ಜಾಸ್ತಿಯಾಗಿದೆ ಅಂದೆ. ಅಮ್ಮ ಸೌಟು ಹಿಡಿದುಕೊಂಡೇ ನನ್ನ ಮುಖ ನೋಡುತ್ತ ನಿಂತಳು. ಬೇಜಾರಾಯಿತೇನೋ ಎಂದುಕೊಂಡೆ. ಆದರೆ ‘ಜಾಸ್ತಿನಾ? ನಿಜವಾಗ್ಲೂ ಜಾಸ್ತಿನಾ?’ ಎಂದು ಎರಡು ಸಲ ಕೇಳಿ, ಇನ್ನೊಂದು ಸೌಟು ಹಾಕಿದಳು. ಈ ಅಮ್ಮ ಅರ್ಥವಾಗುವುದಿಲ್ಲ.

ಜನವರಿ ೧೭, ಶನಿವಾರ

ಯಜಮಾನರು ರಜೆ ಕೊಟ್ಟರು. ಎಷ್ಟು ದಿನ ಎಂದು ಕೇಳಿದರು. ಗೊತ್ತಿಲ್ಲ ಅಂದೆ. ‘ಸುಳ್ಳಾದ್ರೂ ಒಂದು ಲೆಕ್ಕ ಹೇಳೇ’ ಅಂದರು. ಹೇಳಲಿಲ್ಲ.

ಉದ್ದದ ಮೂರು ಬಿಚ್ಚಿ, ಹಸಿರು ಬಣ್ಣದ್ದನ್ನು ಕೊನೆಗೆ ಬಿಚ್ಚಿ, ಕೆಳಗೆ ದಿಂಬು ಇಟ್ಟುಕೊಂಡು ಕನ್ನಡಿ ಹೊರತೆಗೆದೆ. ಒಂದು ತಿಂಗಳ ಧೂಳು ಕೂತಿದೆ. ಹಾಗೆಯೇ ಇದೆ. ಅಮ್ಮ ಅದಕ್ಕೆ ಮೂರು ಪದರದ ಚೀಲ ಹೊಲಿದಿದ್ದಾಳೆ. ಬೇಡವೆಂದರೂ ಹೊರಗೆ ಕೆಂಪು ದಾರದಲ್ಲಿ ‘ಒರೆಸಬೇಡಿ’ ಎಂದು ಹಾಕಿದ್ದಾಳೆ. ಚೀಲ ಒರೆಸಬಾರದು ಅಂದುಕೊಳ್ಳುತ್ತಾರೆ ಜನ, ಅಂದೆ. ಅಂದುಕೊಳ್ಳಲಿ ಅಂದಳು.

ಕೊಳವೆ ಮೇಲಿನ ಕೋಣೆಯಲ್ಲೇ ಇರುತ್ತದೆ. ಎರಡನೇ ಮೆಶಿನನ್ನು ಅಮ್ಮ ಹಜಾರದ ಕಿಟಕಿಯ ಹತ್ತಿರ ಹಾಕಿಸಿಕೊಂಡಿದ್ದಾಳೆ.

ಅಣ್ಣ ಇನ್ನೂ ಉತ್ತರ ಕೊಟ್ಟಿಲ್ಲ. ವಿಳಾಸ ಅಮ್ಮ ಬರೆದುಕೊಟ್ಟಿದ್ದಾಳೆ. ಅವನ ಶಿಫ್ಟು ಎರಡಕ್ಕೆ ಮುಗಿಯುತ್ತದೆ, ಗೇಟಿನ ಹೊರಗೆ ಕಾಯಬೇಕು. ಕನ್ನಡಿಯನ್ನು ಅವನ ಕೈಗೇ ಕೊಡುತ್ತೇನೆ. ಎರಡು ಕೈಯಲ್ಲಿ ಹಿಡಿದರೂ ಸರಿ, ಅದು ಎರಡು ಕೈ ಬೇಕಾಗುವಷ್ಟು ಭಾರವೇ ಇದೆ.

ನಾಳೆ ಬೆಳಿಗ್ಗೆ ಆರು ಇಪ್ಪತ್ತರ ರೈಲಿಗೆ ಹೊರಡುತ್ತೇನೆ.